ಬ್ಯಾಟರಿ ಮಾವನ ಮನೆಗೆ ಹೋದದ್ದು

ಮಾರ್ಚ್ 3, ಸೋಮವಾರ
ಇವತ್ತು ಯಾರ್ಡಿನಲ್ಲಿ ನಾಲ್ಕು ಬ್ಯಾಟರಿ ಬಿಚ್ಚಿದ್ದಾಯಿತು, ಎಲ್ಲ ಹಳೇ ಎಲೆಕ್ಟ್ರಿಕ್ ಕಾರುಗಳವು. ಮೂರಕ್ಕೆ ಇನ್ನೂ ಜೀವವಿದೆ — ಸೋಲಾರ್‌ನವರಿಗೆ ಹೋಗುತ್ತವೆ. ಒಂದು ಸತ್ತಿದೆ, ಅದು ಪುಡಿ ಮಾಡುವ ಯಂತ್ರಕ್ಕೆ.

ಹೊಸ ಲಾರಿ ಡ್ರೈವರ್ ಒಳ್ಳೆಯವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ನಿನ್ನೆ ನಮ್ಮ ಹಳೇ ಬೀರುವನ್ನು ಮಾವನ ಮನೆಗೆ ಸಾಗಿಸಿಕೊಟ್ಟ. ಮಾವ ಬೀರುವನ್ನಾದರೂ ಮಾತಾಡಿಸಿಯಾರು, ನನ್ನನ್ನಲ್ಲ. ಮದುವೆಯಾಗಿ ನಾಲ್ಕು ವರ್ಷ. "ಗುಜರಿಯೋನು ಬಂದ ನೋಡೇ" ಅಂತ ಇವತ್ತಿಗೂ ಅತ್ತೆಯನ್ನು ಕೂಗುತ್ತಾರೆ. ರಿಟೈರಾದ ಬಸ್ ಕಂಡಕ್ಟರ್, ದನಿಗೇನು ಕಮ್ಮಿ! ಒಂದೇ ಒಂದು ಸಲ 'ಅಳಿಯಂದ್ರೇ' ಅನ್ನಲಿ... ಸಾಕು ನನಗೆ.

ಮಾರ್ಚ್ 6, ಗುರುವಾರ
ಯಾರ್ಡಿನ ಹಿಂದಿನ ಬೋರ್ಡಿಗೆ ಹೊಸ ಬಣ್ಣ ಬಳಿದೆ. ಅಲ್ಲಿರುವುದು ಬರೀ ಸಿಮೆಂಟು ಕಟ್ಟೆ, ಉಳಿದೆಲ್ಲದರಿಂದ ಐವತ್ತಡಿ ದೂರ. ಪೆಟ್ಟು ಬಿದ್ದ ಬ್ಯಾಟರಿಗಳಿಗೆ ಅಲ್ಲೇ ವಾಸ, ಯಾವ ಗಳಿಗೆಯಲ್ಲಿ ಹೊತ್ತಿಕೊಳ್ಳುತ್ತವೋ ಹೇಳಲಾಗದು. ಜೈಲಿಗೆ ಅನ್ನುತ್ತಾರಲ್ಲ, ಹಾಗೆ ಅದಕ್ಕೂ ನಾನಿಟ್ಟ ಹೆಸರು — 'ಮಾವನ ಮನೆ'. ಬೋರ್ಡಿನ ಮೇಲೂ ಅದೇ, ಯಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದೇ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ 11
ಡಿಕ್ಕಿಯಾದ ಕಾರಿನ ಬ್ಯಾಟರಿ ತರಲು ಡ್ರೈವರ್ ಹೋಗಿದ್ದಾನೆ. ಎಲ್ಲಿ ಇಳಿಸಲಿ ಅಂತ ಫೋನ್.

"ಸೀದಾ ಮಾವನ ಮನೆಗೆ ಹಾಕ್ಬಿಡಪ್ಪ" ಅಂದೆ.

ಮಧ್ಯಾಹ್ನ 12.20
ಲಾರಿ ಖಾಲಿ ಬಂತು! "ಇಳಿಸ್ಬಿಟ್ಟೆ ಸರ್. ನಿಮ್ಮತ್ತೆ ಟೀ ಕೊಟ್ರು."

ಮಾವನಿಗೆ ಫೋನ್ ಮಾಡಿದೆ.

"ಇನ್ವರ್ಟರ್ ಕಳ್ಸಿದ್ದೀಯಲ್ಲ, ಶೆಡ್ಡಲ್ಲಿ ಇಳಿಸ್ಕೊಂಡೆ. ಚೆನ್ನಾಗಿ ಬೆಚ್ಚಗಿದೆ. ನಿಮ್ಮತ್ತೆ ಟವೆಲ್ ಒಣಹಾಕಿದ್ದಾಳೆ."

ಬೆಚ್ಚಗಿದೆ! "ಮಾವ, ಅದು ಹೊತ್ಕೊಳ್ಳುತ್ತೆ! ಎಲ್ರೂ ಹೊರಗೆ ಓಡಿ, ಅಕ್ಕಪಕ್ಕದವರೂ!"

ಫೈರ್ ಸ್ಟೇಷನ್‌ಗೆ ತಿಳಿಸಿಯಾಯಿತು. ಹೊರಟೆ —

ಮಾರ್ಚ್ 9, ಭಾನುವಾರ
ಇವತ್ತು ಕೂರಲು ಪುರುಸೊತ್ತಾಯಿತು. ಬರೆಯಬಹುದು.

ನಾನು ಹೋಗುವಷ್ಟರಲ್ಲಿ ಇಡೀ ಬೀದಿ ಆ ತುದಿಗೆ ಹೋಗಿ ನಿಂತಿತ್ತು. ಮಾವನ ಬಾಯಲ್ಲಿ ಹಳೇ ವಿಸಿಲ್. "ಮುಂದೆ ಹೋಗ್ರೀ, ಮುಂದೆ ಖಾಲಿ ಇದೆ!" ಒಬ್ಬರೂ ಎದುರಾಡಿಲ್ಲ. ಅತ್ತೆ ಟವೆಲ್ ತರಲು ವಾಪಸ್ ಹೊರಟಿದ್ದರಂತೆ, ಅವರಿಗೂ ಒಂದು ವಿಸಿಲ್. ಅಷ್ಟರಲ್ಲಿ ಬುಸ್ಸೆಂದು ಹೊಗೆ, ಹಿಂದೆಯೇ ಬೆಂಕಿ. ಫೈರಿನವರು ಎರಡು ಗಂಟೆ ನೀರು ಹೊಡೆದರು. ಆರಿತು ಅನ್ನುವಾಗ ಮತ್ತೆ ಹೊತ್ತಿತು, ಮತ್ತೆ ಹೊಡೆದರು. ಹೋದದ್ದು ಶೆಡ್ಡು, ಅದರಲ್ಲಿದ್ದ ನಮ್ಮ ಬೀರು, ನಾಲ್ಕು ಟವೆಲು. ಯಾರಿಗೂ ಒಂದು ಗೀರೂ ಆಗಿಲ್ಲ.

ನಡುಬೀದಿಯಲ್ಲೇ ಅತ್ತುಬಿಟ್ಟೆ. ತಪ್ಪು ಡ್ರೈವರ್‌ನದಲ್ಲ, ನನ್ನ ಬಾಯಿಯದು ಅಂದೆ. ಮಾವ ವಿಸಿಲ್ ಜೇಬಿಗೆ ಹಾಕಿಕೊಂಡು ಮನೆಯೊಳಗೆ ಹೋದರು.

ಮಾರ್ಚ್ 22, ಶನಿವಾರ
ಎರಡು ವಾರದಿಂದ ಮಾವನ ಸುದ್ದಿಯೇ ಇಲ್ಲ. ಮ್ಯಾನೇಜರ್ ಹತ್ತಿರ ಉಗಿಸಿಕೊಂಡದ್ದು ಬೇರೆ. ಬೋರ್ಡು ಅಳಿಸಬೇಕಂತೆ. ಬ್ರಷ್ ಅದ್ದಿದ್ದೆನಷ್ಟೆ... ಗೇಟಿನಲ್ಲಿ ಮಾವ!

"ತೋರ್ಸು, ಏನದು ನಿನ್ನ ಗುಜರಿ."

ಎಲ್ಲ ತೋರಿಸಿದೆ. ಬೋರ್ಡಿನ ಮುಂದೆ ನಿಂತರು. ತಲೆ ತಗ್ಗಿಸಿಕೊಂಡು ಹೆಸರಿನ ಕಥೆ ಹೇಳಿದೆ. ಬೋರ್ಡನ್ನು ಇನ್ನೊಂದು ಸಲ ಓದಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

"ಇಂಥವನ್ನೆಲ್ಲ ದಿನಾ ನೀನು ಕಾಯ್ತೀಯಾ? ನನಗೆ ಗೊತ್ತೇ ಇರ್ಲಿಲ್ಲ ಕಣೋ" ಅಂದರು. ಬೋರ್ಡು ತಟ್ಟಿದರು. "ಮೇಲೆ ಅಪಾಯ ಅಂತ ಬರಿ. ಹೆಸರು ಇರ್ಲಿ. ಕೆಳಗೆ ಅಡ್ರೆಸ್ ಮಾತ್ರ ಸರಿಯಾಗಿ ಹಾಕು."

ಮಾರ್ಚ್ 29, ಶನಿವಾರ, ಬೆಳಿಗ್ಗೆ 10
ಇವತ್ತು ಬೆಂಕಿ ಡ್ರಿಲ್. ಸೈರನ್ ಕೆಟ್ಟಿದೆ. ಮ್ಯಾನೇಜರ್ರೇ ಮಾವನನ್ನು ಕರೆಸಿದ್ದಾರೆ, ವಿಸಿಲ್ ಸಮೇತ. ಊದಿಯೂ ಆಯಿತು. ಎಲ್ಲರೂ ಹೊರಗಿದ್ದಾರೆ, ನಾನೊಬ್ಬ ಇದನ್ನು ಬರೆಯುತ್ತ ಒಳಗೆ. ಕಿಟಕಿಯಾಚೆ ಅದೇ ದನಿ —

"ಅಳಿಯಂದ್ರೇ, ನಿಮಗೆ ಬೇರೆ ಹೇಳ್ಬೇಕಾ? ಇಳೀರಿ ಇಳೀರಿ, ಲಾಸ್ಟ್ ಸ್ಟಾಪು!"

ಅಳಿಯಂದ್ರೇ ಅಂದರಾ? ಹೌದು, ಅಳಿ— ಮತ್ತೆ ವಿಸಿಲ್! ಹೊರಟೆ —