ಗುಂಡಿಯಿಲ್ಲದ ಬೀದಿಗೆ ಮೂರು ಸಲ ಟಾರು

ರಸ್ತೆ ನಿರ್ವಹಣಾ ಕಚೇರಿಯ ಮುಖ್ಯ ಎಂಜಿನಿಯರ್ ಅವರ ಗಮನಕ್ಕೆ

ಮಾನ್ಯರೇ,

ನನ್ನ ಓರಗಿತ್ತಿಯ ಬೀದಿಗೆ ತಾವು ಮೂರನೆಯ ಸಲ ಟಾರು ಹಾಕಿಸಿದಿರಿ. ಅಲ್ಲಿ ಗುಂಡಿ ಇರಲಿಲ್ಲ. ಗುಂಡಿ ಇರುವುದು ನಮ್ಮ ಬೀದಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಮೊದಲ ತಿರುವಿನಿಂದ ಕೊನೆಯ ಗೇಟಿನವರೆಗೆ ಒಟ್ಟು ಹದಿನಾಲ್ಕು. ದೂರು ಕೊಟ್ಟವಳು ನಾನು, ಟಾರು ಸಿಕ್ಕಿದ್ದು ಅವಳಿಗೆ. ಈ ಪತ್ರವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಬರೆಯುತ್ತಿದ್ದೇನೆಂದು ಹೇಳಿದ್ದರೆ ಶೋಭೆಯಾಗಿರುತ್ತಿತ್ತು. ಸುಳ್ಳು ಹೇಳಲಾರೆ, ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಕಾರುಗಳೂ ಒಂದೇ. ಐದು ವರ್ಷದ ಹಿಂದೆ, ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದ ಕಾಲದಲ್ಲಿ, ಒಂದೇ ಷೋರೂಮಿನಿಂದ ಒಂದೇ ದಿನ ಬಂದ, ಒಂದೇ ಬೂದು ಬಣ್ಣದ ಎರಡು ಚಿಕ್ಕ ಎಸ್‌ಯುವಿಗಳು. ನಂಬರು ಕೂಡ ಅಕ್ಕಪಕ್ಕದ್ದು. ಮಾರಿದವನು ಬಾನೆಟ್ ತಟ್ಟಿ, "ನೆಲದಿಂದ ಎತ್ತರ ಇದೆ ಮೇಡಂ, ಗುಂಡಿ ಎಲ್ಲ ಗಾಡಿನೇ ನೋಡ್ಕೊಳ್ಳುತ್ತೆ" ಎಂದಿದ್ದ. ಪಾಪ, ಅವನು ತಮ್ಮ ಕಚೇರಿಯ ಕೆಲಸ ನೋಡಿರಲಿಲ್ಲ. ಎರಡು ವರ್ಷದ ನಂತರ ಮನೆ ಇಕ್ಕಟ್ಟಾಗಿ ನಾವು ಟ್ಯಾಂಕಿನ ಹಿಂದಿನ ಬೀದಿಗೆ ಬಂದೆವು. ಓರಗಿತ್ತಿ ಹಳೆಯ ಮನೆಯಲ್ಲೇ ಉಳಿದಳು, ಅತ್ತೆಯೂ ಅಲ್ಲೇ ಉಳಿದರು. ಅಂದಿನಿಂದ ಅವಳ ಕಾರು ಗಂಟಲು ಸರಿಮಾಡಿಕೊಂಡಷ್ಟೂ ಸದ್ದು ಮಾಡಿಲ್ಲ. ನನ್ನದು ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಮನೆಯವರು ಗೇಟು ತೆಗೆಯುತ್ತಾರೆ.

ನಾನು ಕಾರನ್ನು ನೋಡಿಕೊಳ್ಳುವುದಿಲ್ಲವೆಂದು ತಾವು ಅಂದುಕೊಳ್ಳಬಾರದು. ಹೊತ್ತಿಗೆ ಸರಿಯಾಗಿ ಆಯಿಲು ಬದಲಿಸುತ್ತೇನೆ, ಪ್ರತಿ ಭಾನುವಾರ ಟೈರಿನ ಗಾಳಿ ನೋಡುತ್ತೇನೆ, ಏರ್ ಫಿಲ್ಟರನ್ನು ನಾನೇ ತೆಗೆದು ಕೊಡವುತ್ತೇನೆ. ಓರಗಿತ್ತಿಗೆ ಬಾನೆಟ್ ತೆರೆಯುವ ಹಿಡಿ ಎಲ್ಲಿದೆಯೆಂದೇ ಗೊತ್ತಿಲ್ಲ. ಆದರೂ ಒಂದೇ ವರ್ಷದಲ್ಲಿ ನನ್ನ ಕಾರಿಗೆ ಮುಂದಿನ ಶಾಕ್ ಅಬ್ಸಾರ್ಬರ್ ಎರಡೂ ಹೊಸದು, ಒಂದು ಚಕ್ರದ ಬೇರಿಂಗ್ ಹೊಸದು, ಬುಷ್‌ಗಳು ಎರಡು ಸಲ. ಬುಷ್ ಎಂದರೆ ಲೋಹಕ್ಕೆ ಲೋಹ ತಾಗದಂತೆ ನಡುವೆ ಕೂರುವ ರಬ್ಬರಿನ ತುಂಡು, ತಮ್ಮ ಅವಗಾಹನೆಗೆ. ಮೂರನೆಯ ಸಲ ಹೋದಾಗ ಮೆಕ್ಯಾನಿಕ್ ಕಾರಿನ ಕೆಳಗಿಂದ ಹೊರಬಂದು ಕೈ ಒರೆಸಿಕೊಳ್ಳುತ್ತಾ, "ಕಾಯಿಲೆ ಇರೋದು ನಿಮ್ಮ ಬೀದಿಗೆ ಮೇಡಂ. ನಾನು ಔಷಧಿ ಕೊಡ್ತಿರೋದು ಗಾಡಿಗೆ" ಎಂದ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಅತ್ತೆಗೆ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿಗೆ ವಾರಕ್ಕೆ ಮೂರು ಸಲ ಹೋಗಬೇಕು, ಒಟ್ಟು ಮೂವತ್ತು ಸಲ. ಕ್ಲಿನಿಕ್ ಇರುವುದು ನಾನು ಕಣ್ಣು ಪರೀಕ್ಷಿಸುವ ಕನ್ನಡಕದ ಅಂಗಡಿಯ ಪಕ್ಕದಲ್ಲಿ, ಹಾಗಾಗಿ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅತ್ತೆಯೂ ನಾನೂ ಇಬ್ಬರೇ ಕೂತು ಮಾತಾಡಿದ್ದು ಆ ಕಾರಿನಲ್ಲೇ ಮೊದಲು. ಅವರು ಹರೆಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದವರು. ಆಗ ಕಿವಿಗೆ ಬಿದ್ದದ್ದನ್ನೆಲ್ಲ ಇಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದವರು ನನಗೆ ಕಂತುಕಂತಾಗಿ ಹೇಳತೊಡಗಿದರು. ದಿನಾ ಸಂಜೆ ಒಂದೇ ನಂಬರಿಗೆ ಕರೆ ಮಾಡಿ, ಆ ಕಡೆಯವರು ಹಲೋ ಎಂದ ಕೂಡಲೇ ಇಟ್ಟುಬಿಡುತ್ತಿದ್ದ ಒಬ್ಬ ಗಂಡಸಿನ ಕತೆ ನಡೆದಿತ್ತು. ಒಂದು ದಿನ ಅವನು ಕರೆ ಜೋಡಿಸುವ ಅತ್ತೆಯನ್ನೇ ಏನೋ ಕೇಳಿದನಂತೆ. ಅಷ್ಟರಲ್ಲಿ ಕ್ಲಿನಿಕ್ ಬಂತು. "ವ್ಯಾಯಾಮ ಆದ್ಮೇಲೆ ಸುಸ್ತಾಗುತ್ತೆ, ಉಳಿದದ್ದು ಬುಧವಾರ ಹೇಳ್ತೀನಿ" ಎಂದರು.

ಬುಧವಾರ ಅತ್ತೆ ಓರಗಿತ್ತಿಯ ಕಾರಿನಲ್ಲಿದ್ದರು. ಆ ಸೋಮವಾರ ಹಿಂದಿರುಗುವಾಗ ನನ್ನ ಕಾರಿನ ಮತ್ತೆ ಸವೆದಿದ್ದ ಬುಷ್ ಎಂಥ ಪೆಟ್ಟು ಕೊಟ್ಟಿತೆಂದರೆ, ಅತ್ತೆ ಬಾಗಿಲಿನ ಹಿಡಿ ಬಿಗಿಹಿಡಿದು ಕಣ್ಣು ಮುಚ್ಚಿದರು. ಮನೆಗೆ ಹೋಗಿ ನೋವಿನ ಮಾತ್ರೆ ಕೇಳಿದರಂತೆ. ಓರಗಿತ್ತಿ ಫೋನು ಮಾಡಿ, "ಇನ್ಮೇಲೆ ನಾನೇ ಕರ್ಕೊಂಡು ಹೋಗ್ತೀನಿ ಅಕ್ಕ, ನಮ್ಮ ಗಾಡಿ ಅಲುಗಾಡಲ್ಲ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ನನಗೆ ಸಿಟ್ಟು ಬಂದಿದ್ದೇ ಅದಕ್ಕೆ. ಈಗ ವಾರಕ್ಕೆ ಮೂರು ಸಲ ಅಂಗಡಿಯ ಗಾಜಿನಾಚೆ ನೋಡುತ್ತೇನೆ. ಅದೇ ಬೂದು ಬಣ್ಣದ ಕಾರು ಸದ್ದಿಲ್ಲದೆ ಬಂದು ನಿಲ್ಲುತ್ತದೆ, ಅವಳು ಕೈ ಕೊಡುತ್ತಾಳೆ, ಅತ್ತೆ ಇಳಿಯುತ್ತಾರೆ. ಎದುರು ಕೂತವರಿಂದ ಅಕ್ಷರ ಓದಿಸುತ್ತಿರುವ ನಾನು ಸಾಲು ತಪ್ಪುತ್ತೇನೆ. ಆ ಗಂಡಸಿನ ಕತೆಯನ್ನು ಅವಳಿಗೆ ಹೇಳಿಬಿಟ್ಟರೇನೋ ಎಂಬ ಸಂಕಟ ತಡೆಯಲಾರದೆ ಒಂದು ದಿನ ಅವಳನ್ನೇ ಕೇಳಿಬಿಟ್ಟೆ. "ಕತೆ ಎಲ್ಲಿ ಬಂತು ಅಕ್ಕ, ಕೂತ ಕೂಡ್ಲೆ ನಿದ್ದೆ ಹೋಗ್ತಾರೆ" ಎಂದಳು. ಅಂದು ಮಧ್ಯಾಹ್ನ ನನಗೆ ಊಟ ರುಚಿಸಿತು.

ಅವಳ ಕಾರನ್ನೇ ಕೇಳಿ ಪಡೆದು ನಾನೇ ಓಡಿಸಬಹುದಿತ್ತಲ್ಲ ಎಂದು ತಾವು ಹೇಳಬಹುದು. ಓರಗಿತ್ತಿಯ ಮುಂದೆ ಕೈಚಾಚುವುದಕ್ಕಿಂತ ತಮಗೆ ದೂರು ಕೊಡುವುದೇ ಸುಲಭವೆಂದು ನಾನು ನಂಬಿದ್ದೆ. ತಮ್ಮ ದೂರಿನ ಅರ್ಜಿಯಲ್ಲಿ ಮೊದಲ ಕಾಲಂ, ತೊಂದರೆಗೊಳಗಾದ ವಾಹನದ ನಂಬರು. ಬರೆದೆ. ಕೊನೆಯದು ವಿವರ. ಅಲ್ಲಿ ಬೀದಿ, ಟ್ಯಾಂಕು, ತಿರುವು, ಹದಿನಾಲ್ಕು ಗುಂಡಿ ಎಲ್ಲವನ್ನೂ ಬರೆದೆ. ವಾರದೊಳಗೆ "ದೂರು ಪರಿಹರಿಸಲಾಗಿದೆ" ಎಂಬ ಸಂದೇಶ ಬಂತು. ಹೊರಗೆ ಹೋಗಿ ನೋಡಿದರೆ ಹದಿನಾಲ್ಕೂ ಕ್ಷೇಮವಾಗಿದ್ದವು. ಅತ್ತ ಓರಗಿತ್ತಿಯ ಬೀದಿಗೆ ಟಾರು ಬಿದ್ದಿತ್ತು. ನಾನು ಎರಡನೆಯ ದೂರು ಕೊಟ್ಟೆ, ಅವಳಿಗೆ ಎರಡನೆಯ ಟಾರು ಬಂತು, ಅಂಚಿಗೆ ಬಿಳಿ ಗೆರೆಯ ಸಮೇತ. ಮೂರನೆಯದರ ನಂತರ ಅವಳ ಬೀದಿ ಕೇರಂ ಬೋರ್ಡಿನ ಹಾಗಾಯಿತು. "ಯಾರೋ ಪುಣ್ಯಾತ್ಮರು ನಮ್ಮ ಬೀದಿ ಬಗ್ಗೆ ತಲೆ ಕೆಡಿಸ್ಕೊಂಡಿದ್ದಾರೆ ಅಕ್ಕ" ಎಂದಳು. ತಲೆ ಕೆಟ್ಟಿದ್ದಂತೂ ನಿಜ.

ಕಳೆದ ವಾರ ಕಚೇರಿಗೇ ಬಂದೆ. ಕೌಂಟರಿನ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದರು. ನನ್ನ ಕಾರಿನ ನಂಬರಿನ ಎದುರು ಹಳೆಯ ಮನೆಯ ವಿಳಾಸವಿತ್ತು. ಮನೆ ಬದಲಿಸಿದಾಗ ಕಾರಿನ ದಾಖಲೆಯಲ್ಲಿ ವಿಳಾಸ ತಿದ್ದಿಸಲು ನಾನು ಮರೆತಿದ್ದೆ. ದಾಖಲೆಯಲ್ಲಿ ಯಾವ ಬೀದಿಯಿದೆಯೋ ಅಲ್ಲಿಗೇ ಕೆಲಸದವರನ್ನು ಕಳಿಸುವುದಂತೆ. ವಿವರವಾಗಿ ಬರೆದಿದ್ದೆನಲ್ಲ ಎಂದೆ. "ವಿವರದ ಕಾಲಂ ಯಾರೂ ಓದಲ್ಲಮ್ಮ" ಎಂದರು. ನನ್ನ ತಪ್ಪನ್ನು ಒಪ್ಪುತ್ತೇನೆ, ತಿದ್ದುಪಡಿಗೆ ಅರ್ಜಿಯನ್ನೂ ಹಾಕಿದ್ದೇನೆ. ಆದರೆ ಮಾನ್ಯರೇ, ಗುಂಡಿ ಮುಚ್ಚಲು ಹೋದವರಿಗೆ ಅಲ್ಲಿ ಗುಂಡಿಯೇ ಇಲ್ಲವೆಂಬುದು ಮೂರು ಸಲವೂ ತಿಳಿಯಲಿಲ್ಲವೇ? ಇಲ್ಲದ ಗುಂಡಿಯನ್ನು ಮುಚ್ಚಿದ್ದೇವೆಂದು ಸಹಿ ಹಾಕಿದವರು ಯಾರು? ಅವರನ್ನೆಲ್ಲ ದಯವಿಟ್ಟು ನನ್ನ ಅಂಗಡಿಗೆ ಕಳಿಸಿಕೊಡಿ. ಮೇಲಿನ ಸಾಲಿನ ದೊಡ್ಡ ಅಕ್ಷರದಿಂದಲೇ ಶುರುಮಾಡೋಣ.

ಮೂವತ್ತರಲ್ಲಿ ಇಪ್ಪತ್ತೊಂದು ಸಲ ಮುಗಿದಿದೆ. ಉಳಿದಿರುವುದು ಒಂಬತ್ತು, ಅಂದರೆ ಮೂರು ವಾರ. ಆಮೇಲೆ ಅತ್ತೆ ಯಾರ ಕಾರನ್ನೂ ಹತ್ತಬೇಕಾಗಿಲ್ಲ. ಮನೆಯಲ್ಲಿ ಎಲ್ಲರ ನಡುವೆ ಆ ಕತೆ ಕೇಳಿದರೆ, ಇಲ್ಲಿ ಬೇಡ ಎಂದು ಕಣ್ಣಲ್ಲೇ ಹೇಳುತ್ತಾರೆ. ನನ್ನ ಬೇಡಿಕೆ ಇಷ್ಟೇ. ಈ ವಾರದೊಳಗೆ ಹದಿನಾಲ್ಕು ಗುಂಡಿಗಳನ್ನೂ ಮುಚ್ಚಿಸಿ, ಇರುವ ಜಾಗದಲ್ಲಿ. ಮುಚ್ಚಿದ ಮರುದಿನವೇ ಹೊಸ ಬುಷ್ ಹಾಕಿಕೊಡುವುದಾಗಿ ಮೆಕ್ಯಾನಿಕ್ ಒಪ್ಪಿದ್ದಾನೆ. ಕೊನೆಯ ನಾಲ್ಕೈದು ಸಲವಾದರೂ ಅತ್ತೆ ನನ್ನ ಪಕ್ಕದಲ್ಲಿ ಕೂರಲಿ.

ಅದು ತಮ್ಮಿಂದ ಆಗದಿದ್ದರೆ, ಓರಗಿತ್ತಿಯ ಬೀದಿಯಲ್ಲಿ, ಅವಳ ಗೇಟಿನ ಎದುರಿಗೇ, ಒಂದು ಒಳ್ಳೆಯ ಗುಂಡಿ ತೋಡಿಸಿಕೊಡಿ. ತಮ್ಮ ದಾಖಲೆಯ ಪ್ರಕಾರ ಅಲ್ಲಿ ಹೇಗೂ ಗುಂಡಿ ಇತ್ತಲ್ಲ. ಹೀಗೆಂದು ಬರೆದು, ಸಹಿ ಹಾಕುವ ಮುಂಚೆ ಇನ್ನೊಮ್ಮೆ ಓದಿಕೊಂಡೆ. ಬೇಡ, ಇದೊಂದು ಬೇಡಿಕೆಯನ್ನು ಹೊಡೆದುಹಾಕಿ. ಆ ಕಾರಿನಲ್ಲಿ ಅತ್ತೆ ನಿದ್ದೆ ಮಾಡುತ್ತಿರುತ್ತಾರೆ.

ಇಂತಿ,
ಮೂರು ಸಲ ಅರ್ಜಿ ಹಾಕಿ ಓರಗಿತ್ತಿಯ ಬೀದಿಯನ್ನು ಉದ್ಧಾರ ಮಾಡಿದ
ಹಿರಿಯ ಸೊಸೆ