ಹಗ್ಗದಾಚೆಯ ಡೋಲು

ಗಂಗೊಳ್ಳಿ ತೇಲುಕೇರಿ,
ಕಡಲೇರಿದ ನೂರ ಹದಿನೆಂಟನೇ ವರ್ಷ, ಆಷಾಢ ನಲವತ್ತೊಂದು.

ಮಾಳಿಗೆಯ ಮೇಲೆ ಡ್ರಮ್ಸ್ ಬಾರಿಸುವ ಹುಡುಗಿಗೂ, ಕೆಳಗಿನ ಮನೆಯಲ್ಲಿ ಕೂತು ಅವಳನ್ನು ಬೈಯುವವರಿಗೂ,

ಇಬ್ಬರಿಗೂ ಒಂದೇ ಕಾಗದ. ಬೇರೆ ಬೇರೆ ಬರೆಯುವಷ್ಟು ತಾಳ್ಮೆ ನನಗಿಲ್ಲ. ತಾರೀಕು ನೋಡಿ ಮುದುಕಿಗೆ ಅರಳುಮರುಳು ಎಂದುಕೊಳ್ಳಬೇಡಿ. ಮಳೆ ನಿಲ್ಲುವವರೆಗೆ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ, ಅಷ್ಟೇ. ಮಾತು ವಿಚಿತ್ರ ಅನ್ನಿಸಿದರೆ ಕ್ಷಮೆ ಇರಲಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನಿಮ್ಮ ಕಾಲದ ಕನ್ನಡ ಬಂದಷ್ಟು ಬಂತು. ಈ ಕಾಗದ ಇಷ್ಟು ವರ್ಷ ಹಿಂದಕ್ಕೆ, ನಿಮ್ಮ ಕಾಲಕ್ಕೆ ಹೇಗೆ ಬರುತ್ತದೆ ಎಂದೂ ಕೇಳಬೇಡಿ. ಅದು ನನ್ನ ಮೊಮ್ಮಗಳ ಉದ್ಯೋಗ. ಅವಳು ವಿವರಿಸಲು ಕೂತಾಗಲೆಲ್ಲ ನನಗೆ ನಿದ್ದೆ ಬರುತ್ತದೆ.

ತೇಲುಕೇರಿ ಎಂದರೆ ತೇಲುವ ಕೇರಿ. ನೀವು ನಡೆದಾಡುವ ಗಂಗೊಳ್ಳಿಯ ಮೇಲೆ ಈಗ ನೀರು. ಅದಕ್ಕೆ ಅಳುತ್ತಾ ಕೂರಬೇಡಿ, ನಾವು ಅಳುತ್ತಿಲ್ಲ. ಪೀಪಾಯಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಮನೆ, ಮನೆಗೂ ಮನೆಗೂ ಹಗ್ಗ. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಕೆಲಸ ಹಗ್ಗ ಮುಟ್ಟಿ ನೋಡುವುದು, ಆಮೇಲೆ ಚಾ. ತೊಂಡೆ, ಬಸಳೆ ಎಲ್ಲವೂ ಬುಟ್ಟಿಯಲ್ಲಿ ಬೆಳೆಯುತ್ತವೆ. ನೆಂಟರು ಬೇಸರ ತಂದರೆ ಅವರು ಕೂತ ಜಗಲಿಯನ್ನೇ ಬಿಚ್ಚಿ ತುಸು ದೂರ ತಳ್ಳುವುದುಂಟು. ಸಂಜೆಗೆ ಎಳೆದುಕೊಳ್ಳುತ್ತೇವೆ. ಕೇರಿಗೆ ಒಬ್ಬ ಗುರಿಕಾರ್ತಿ ಇರುತ್ತಾಳೆ, ಅವಳ ಮಾತೇ ಕಡೆಯ ಮಾತು. ನಾನು ಹುಡುಗಿಯಾಗಿದ್ದಾಗ ಲಚ್ಚಕ್ಕ ಗುರಿಕಾರ್ತಿ.

ನೀವು ಮೆಟಲ್ ಎನ್ನುವುದಕ್ಕೆ ನಾವು ಗಡಸು ಎನ್ನುತ್ತೇವೆ. ನಮ್ಮ ಗುಂಪಿನ ಹೆಸರು ಕಪ್ಪು ಬಂಗುಡೆ. ಇಬ್ಬರು ಗಿಟಾರಿಗೆ, ಗಣಪ ಖಾರ್ವಿ ಹಾಡಿಗೆ, ಡ್ರಮ್ಸಿಗೆ ನಾನು, ಮುತ್ತು. ಗಣಪನ ಗಂಟಲೆಂದರೆ ಲಂಗರು ಬಂಡೆಯ ಮೇಲೆ ಎಳೆದ ಹಾಗೆ. ಅವನ ಮದುವೆಯಲ್ಲಿ ಅವನೇ ಹಾಡಿದ, ಆದರೂ ಹುಡುಗಿ ಒಪ್ಪಿದಳು. ನನ್ನ ಡ್ರಮ್ಸೆಲ್ಲ ಮೀನಿನ ಪೀಪಾಯಿ. ಸಿಂಬಲ್ಲು ಮುರಿದ ಬೋಟಿನ ತಳದಲ್ಲಿ ತಿರುಗುವ ಹಿತ್ತಾಳೆ ರೆಕ್ಕೆಯದ್ದು. ಎರಡು ಕಾಲಿಗೆ ಎರಡು ದೊಡ್ಡ ಡೋಲು, ಅವನ್ನು ಬಡಿಯುವ ಪೆಡಲ್ಲು ಹಳೆಯ ಹೊಲಿಗೆ ಮಿಷನ್ನಿನದು.

ಆ ಎರಡು ಕಾಲ್ಡೋಲಿನಿಂದಲೇ ರಗಳೆ ಶುರುವಾದದ್ದು. ನಿಮ್ಮ ಮನೆಗಳಿಗೆ ಅಡಿಪಾಯ ಇದೆ, ಕೆಳಗಿನವರಿಗೆ ತಲೆನೋವು ಬಂದರೆ ಹೆಚ್ಚು. ನಮ್ಮಲ್ಲಿ ನಾನು ಎರಡೂ ಕಾಲು ಜೋರಾಗಿ ಬಿಟ್ಟರೆ ಇಡೀ ಕೇರಿ ತೊಟ್ಟಿಲು. ಸಾರು ಚೆಲ್ಲುತ್ತದೆ. ತೂಗುಹಾಕಿದ ಒಣಮೀನು ಉದುರುತ್ತದೆ. ಹುಟ್ಟಿದಾಗಿನಿಂದ ಕಡಲಲ್ಲೇ ಇದ್ದ ಗಂಡಸರು ತಮ್ಮದೇ ಚಾವಡಿಯಲ್ಲಿ ಕೂತು ವಾಂತಿ ಮಾಡಿದರು. ಮೀನು ಸಿಗದ ದಿನ ನನ್ನ ಹೆಸರು ಹೇಳಿದರು. ಸಿಕ್ಕಿದ ದಿನ ಒಬ್ಬನೂ ಹೇಳಲಿಲ್ಲ. ಕೊನೆಗೆ ಪಂಚಾಯಿತಿ ಸೇರಿತು. ಹೆಚ್ಚಿನವರು ಡೋಲು ನೀರಿಗೆ ಹಾಕಿ ಎಂದರು. ನಾನು ಹಾಗಾದರೆ ನನ್ನನ್ನೂ ಹಾಕಿ ಎಂದೆ, ಅದಕ್ಕೂ ಕೆಲವರು ತಯಾರಿದ್ದರು. ಲಚ್ಚಕ್ಕನ ಸೀರೆಯ ಮೇಲೆ ಅವತ್ತಿನ ಸಾರಿನ ಕಲೆ ಇನ್ನೂ ಇತ್ತು. ಅವಳು ಎಲೆಯಡಿಕೆ ಉಗಿದು ಬಂದು ಹೇಳಿದ್ದು ಇಷ್ಟು:

"ಇವ್ಳನ್ನ ಬಿಚ್ಚಿ ಆಚಿಗ್ ಕಟ್ಟಿ. ಆದ್ರೆ ಹಗ್ಗ ಗಟ್ಟಿ ಇರ್ಲಿ. ಹೆಣ್ ನಮ್ದೇ."

ಹಾಗೆ ನನಗೊಂದು ತೆಪ್ಪ ಆಯಿತು. ಕೇರಿಯ ಅತಿ ಉದ್ದದ ಹಗ್ಗದ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಕೇರಿ. ಗುಂಪಿನ ಉಳಿದವರು ಅಲ್ಲಿ, ನಾನು ಇಲ್ಲಿ. ಇನ್ನು ಸುಖ ಎಂದುಕೊಂಡರೆ ಬೇರೆ ತೊಡಕು ಬಂತು. ಶಬ್ದಕ್ಕೆ ಕಾಲು ನಿಧಾನ. ನಾನು ಹೊಡೆದದ್ದು ಅಲ್ಲಿಗೆ ಮುಟ್ಟುವಾಗ ಅವರ ತಾಳ ಮುಂದೆ ಹೋಗಿರುತ್ತಿತ್ತು. ಆಗಲೂ ದಾರಿ ಮಾಡಿದವಳು ಲಚ್ಚಕ್ಕನೇ. ಅಂಚಿನಲ್ಲಿ ನಿಂತು ಬಿಳಿ ಬಟ್ಟೆ ಬೀಸಿ ತಾಳ ತೋರಿಸತೊಡಗಿದಳು. ಅವರು ಬಟ್ಟೆ ಇಳಿದಾಗ ಬಾರಿಸುವುದು. ನಾನು ಬಟ್ಟೆ ಇಳಿಯುವುದಕ್ಕೆ ತುಸು ಮುಂಚೆ, ನನ್ನ ಪೆಟ್ಟು ನೀರು ದಾಟಿ ಅಲ್ಲಿಗೆ ಮುಟ್ಟಲು ಎಷ್ಟು ಬೇಕೋ ಅಷ್ಟೇ ಮುಂಚೆ. ಕಿವಿ ನಂಬಬಾರದು, ಕಣ್ಣು ನಂಬಬೇಕು. ಕೈಗೆ ಅದು ಕೂರಲು ಒಂದು ಮಳೆಗಾಲ ಹಿಡಿಯಿತು. ಕೂತ ಮೇಲೆ ನೋಡಬೇಕಿತ್ತು ನೀವು. ದೂರದ ಕೇರಿಗಳಿಂದ ದೋಣಿ ತುಂಬ ಜನ, ಹುರಿದ ಬಂಗುಡೆಯ ವಾಸನೆ, ಗಣಪನ ಕೂಗು, ಅದರ ಬೆನ್ನಿಗೇ ಕಡಲಿನ ಕಡೆಯಿಂದ ನನ್ನ ಗುಡುಗು. ದೋಣಿಗಳೆಲ್ಲ ಒಟ್ಟಿಗೆ ತಲೆ ಕುಣಿಸುತ್ತಿದ್ದವು, ಮನುಷ್ಯರ ಮಾತು ಬಿಡಿ. ಅರವತ್ತು ದಾಟಿದ ಲಚ್ಚಕ್ಕ ಬಟ್ಟೆ ಬೀಸುತ್ತಾ ಕುಣಿಯುತ್ತಿದ್ದಳು. ಕೇಳಿದರೆ, ಸೊಳ್ಳೆ ಓಡಿಸಿದ್ದು ಎನ್ನುತ್ತಿದ್ದಳು.

ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಗಟ್ಟಿನೆಲದವರು ನಮ್ಮನ್ನು ಕರೆದರು. ಗಟ್ಟಿನೆಲ ಎಂದರೆ ಘಟ್ಟದ ಮೇಲಿನ ಒಣಗಿದ ಊರುಗಳು. ಹುಲ್ಲುಗುಡ್ಡೆ ಎಂಬಲ್ಲಿ ವರ್ಷಕ್ಕೊಮ್ಮೆ ಗಡಸಿನ ಮೇಳ ಮಾಡುತ್ತಾರೆ. ಅಲ್ಲಿ ಬಾರಿಸಿದರೆ ಮಾತ್ರ ನೀವು ಗುಂಪು, ಇಲ್ಲದಿದ್ದರೆ ಕೇರಿಯ ಗದ್ದಲ. ಅವರಲ್ಲಿ ಡ್ರಮ್ಸ್ ಬಾರಿಸುವ ಮನುಷ್ಯರು ಆಗಲೇ ಮುಗಿದಿದ್ದರು. ತಾಳಪೆಟ್ಟಿಗೆ ಎಂಬ ಯಂತ್ರ ಇತ್ತು. ಅದು ಎಂದೂ ತಪ್ಪುವುದಿಲ್ಲ, ಎಂದೂ ಬೆವರುವುದಿಲ್ಲ. ಕೈಕಾಲಿನಿಂದ ಬಾರಿಸುವವಳು ಬರುತ್ತಾಳೆಂದು ನೋಡಲು ಜನ ಸೇರಿದ್ದರು.

ಬೆಳಿಗ್ಗೆ ತಾಲೀಮಿಗೆ ಕೂತೆವು. ಹುಟ್ಟಿ ಮೊದಲ ಸಲ ಅಲುಗದ ನೆಲ, ಮೊಳ ದೂರದಲ್ಲಿ ಗಣಪ. ಸಂತೋಷಕ್ಕೆ ಎರಡೂ ಕಾಲು ಬಿಟ್ಟೆ. ಎಲ್ಲವೂ ಕೆಟ್ಟಿತು. ನಾನು ಪ್ರತಿ ಪೆಟ್ಟಿಗೂ ಮುಂಚೆ. ನೀರೇ ಇಲ್ಲ, ನನ್ನ ಕೈ ಮಾತ್ರ ಇನ್ನೂ ನೀರು ದಾಟುತ್ತಿತ್ತು. ಮತ್ತೆ ಮತ್ತೆ ಮಾಡಿದೆವು. ತಡೆದು ಹೊಡೆಯಲು ಹೋದರೆ ಕೈ ನಿಂತೇ ಹೋಗುತ್ತಿತ್ತು. ಮುತ್ತಕ್ಕ ಹಾಡು ಮುಗಿಸಿ ಊಟಕ್ಕೆ ಹೋಗುತ್ತಾಳೆ, ನಾವು ಆಮೇಲೆ ಬರೋಣ ಎಂದು ಗಣಪ ನಗಿಸಲು ನೋಡಿದ. ಮೇಳದ ಯಜಮಾನ ಬಹಳ ಮರ್ಯಾದೆಯಿಂದ ಬಂದು, ಸಂಜೆಗೆ ತಾಳಪೆಟ್ಟಿಗೆ ಕೊಡುತ್ತೇವೆ, ಅಕ್ಕ ಮುಂದಿನ ಸಾಲಿನಲ್ಲಿ ಕೂತು ಕೇಳಲಿ ಎಂದ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನನ್ನ ಕೋಲು ನಾನೇ ಚೀಲಕ್ಕೆ ಹಾಕಿಕೊಂಡೆ.

ಬಟ್ಟೆ ಬೀಸಲೆಂದು ಬಂದಿದ್ದ ಲಚ್ಚಕ್ಕನಿಗೆ ಆಗ ಎಂಬತ್ತರ ಮೇಲೆ. ಮರದ ಬುಡದಲ್ಲಿ ಮಲಗಿದ್ದಳು, ನಿದ್ದೆ ಎಂದುಕೊಂಡಿದ್ದೆವು. ಎದ್ದು ಬಂದಳು. ಯಜಮಾನನನ್ನು ಒಮ್ಮೆ ನೋಡಿ ಬಿಟ್ಟು, ಗಣಪನಿಗೆ ಹೇಳಿದಳು:

"ಹೆಣ್ಣಿನ್ ಕೈ ಸಮ ಇತ್ತ್. ಕೂಕಂಡ್ ಜಾಗ ತಪ್ಪ್. ಹಗ್ಗ ಎಲ್ಲಿತ್ತ್?"

ಹಗ್ಗ ಇತ್ತು. ನಾವು ಕೇರಿಯವರು ಎಲ್ಲಿಗೆ ಹೋದರೂ ಹಗ್ಗ ಬಿಟ್ಟು ಹೋಗುವುದಿಲ್ಲ. ಡೋಲು ಕಟ್ಟಿ ತಂದದ್ದೇ ನನ್ನ ತೆಪ್ಪದ ಆ ಉದ್ದ ಹಗ್ಗದಲ್ಲಿ. ಒಂದು ತುದಿಯನ್ನು ವೇದಿಕೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಹಿಂದಿನ ಗುಡ್ಡ ಹತ್ತಿದೆವು. ಹಗ್ಗ ಎಲ್ಲಿ ಬಿಗಿಯಾಯಿತೋ ಅಲ್ಲಿ ಡೋಲು ಇಟ್ಟೆವು. ದನಗಳು ಎದ್ದು ಜಾಗ ಕೊಟ್ಟವು. ಕೆಳಗೆ ಲಚ್ಚಕ್ಕ ಬಟ್ಟೆ ಎತ್ತಿದಳು. ನನ್ನ ಕೈ ಯಾರನ್ನೂ ಕೇಳಲಿಲ್ಲ.

ಸಂಜೆ ಬಿಸಿಲು ಇನ್ನೂ ಇತ್ತು. ಮೊದಲ ಪೆಟ್ಟಿಗೆ ಸಾವಿರ ತಲೆಗಳು ಒಟ್ಟಿಗೆ ಗುಡ್ಡದ ಕಡೆ ಎದ್ದವು, ಗುಡುಗು ಎಂದುಕೊಂಡು. ವೇದಿಕೆಯ ಮೇಲೆ ಡೋಲಿಲ್ಲ, ಆದರೆ ಡೋಲು ಅವರ ಪಕ್ಕೆಲುಬಿನಲ್ಲೇ ಇತ್ತು, ಗಣಪನ ಕೂಗಿನ ಜೊತೆ ಒಂದು ಕೂದಲೂ ಆಚೀಚೆ ಇಲ್ಲದೆ. ಗಟ್ಟಿನೆಲ ಅಲುಗಲಿಲ್ಲ ನಿಜ. ಅದರ ಮೇಲಿದ್ದವರು ಅಲುಗಿದರು. ತಾಳಪೆಟ್ಟಿಗೆ ಕೊಡಹೊರಟಿದ್ದ ಮೇಳದ ಯಜಮಾನ ಅಂಗಿ ಬಿಚ್ಚಿ ತಲೆಗೆ ಸುತ್ತಿಕೊಂಡು ಕುಣಿದನಂತೆ. ನಾನು ನೋಡಲಿಲ್ಲ, ನನ್ನ ಕಣ್ಣು ಬಟ್ಟೆಯ ಮೇಲಿತ್ತು.

ಆಮೇಲೆ ನಲವತ್ತು ವರ್ಷ ಬಾರಿಸಿದೆ. ಎಲ್ಲಿಗೆ ಹೋದರೂ ಮೊದಲು ಹಗ್ಗ, ಆಮೇಲೆ ಡೋಲು. ಲಚ್ಚಕ್ಕ ತೀರಿಹೋದಳು, ಬಟ್ಟೆ ಕಡೆಗೆ ನನ್ನ ಮೊಮ್ಮಗಳ ಕೈಗೆ ಬಂತು. ಕೇರಿಗೆ ಈಗ ಭಾರದ ಹೊಸ ಪೀಪಾಯಿ ಹಾಕಿದ್ದಾರೆ, ಕೇರಿ ಅಲುಗುವುದಿಲ್ಲ, ಒಳಗೇ ಬಂದು ಬಾರಿಸಿ ಮುತ್ತಜ್ಜಿ ಎನ್ನುತ್ತಾರೆ. ನನಗೇನು ಹುಚ್ಚೆ? ಮಂಡಿ ನೋವಿದೆ, ಆದರೂ ನನ್ನ ತೆಪ್ಪ ನನಗೆ. ಇವತ್ತು ಸಂಜೆ ಬಾರಿಸುವುದಿದೆ, ಆದ್ದರಿಂದ ಬೇಗ ಮುಗಿಸುತ್ತೇನೆ.

ಕೆಳಮನೆಯವರೇ, ಅವಳನ್ನು ದೂರ ತಳ್ಳಬೇಕೆನಿಸಿದರೆ ತಳ್ಳಿ. ನಾನು ಬೇಡ ಎನ್ನುವುದಿಲ್ಲ, ನಿಮ್ಮ ಸಾರೂ ಸಾರೇ. ಹಗ್ಗ ಮಾತ್ರ ಬಿಚ್ಚಬೇಡಿ. ದಿನಾ ಬೆಳಿಗ್ಗೆ ಮುಟ್ಟಿ ನೋಡಿ.

ಹುಡುಗೀ, ನಿನಗೆ ಬುದ್ಧಿವಾದ ಇಲ್ಲ. ನೀನು ಈಗ ಹೊಡೆಯುತ್ತಿರುವುದು ಎಲ್ಲರಿಗೂ ತಾಳ ತಪ್ಪಿದ ಹಾಗೆ ಕೇಳುತ್ತಿರಬಹುದು. ಕೈ ನಿಲ್ಲಿಸಬೇಡ. ಇಲ್ಲಿಗೆ ಅದು ಸರಿಯಾಗಿ ಬಂದು ಮುಟ್ಟುತ್ತಿದೆ.

ಮೊಮ್ಮಗಳು ಬಟ್ಟೆ ಎತ್ತಿದಳು. ಬರುತ್ತೇನೆ.

ಮುತ್ತು ಮೊಗವೀರ್ತಿ,
ಕಪ್ಪು ಬಂಗುಡೆಯ ಡೋಲಿನವಳು