ತಿರುವಿ ಕೂರಿಸಿದ ಕ್ಲಚ್ ಪ್ಲೇಟ್

ಅಮರಣ್ಣಾ,

ನೀನು ಇದನ್ನು ಓದುವುದಿಲ್ಲ, ಆದರೂ ಹೇಳದೆ ಇರಲಾರೆ. ಅಪ್ಪನ ಹಳೇ ಫಿಯೆಟ್ ಇವತ್ತು ಓಡಿತು! ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಬಿಚ್ಚಿ ನಾನೇ ಜೋಡಿಸಿದೆ.

ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಯಿತು, ಗೇರ್ ಮಾತ್ರ ಬೀಳಲಿಲ್ಲ. ಗೇರ್‌ಬಾಕ್ಸ್ ಮತ್ತೆ ಇಳಿಸಿ ನೋಡಿದರೆ ಕ್ಲಚ್ ಪ್ಲೇಟನ್ನು ಉಲ್ಟಾ ಕೂರಿಸಿದ್ದೆ. ಮೂರು ವರ್ಷದ ಹಿಂದೆ ಗ್ಯಾರೇಜಿನಲ್ಲಿ ನನಗೆ ಕೆಲಸ ಕಲಿಸುವಾಗ ನೀನು ಮಾಡಿದ್ದೂ ಅದೇ ತಪ್ಪು. ಅಂದು ನಾನು ಮಂದಿಯೆದುರು ನಿನಗೆ, "ನಿನ್ನ ಕೈಲೆ ಏನೂ ಆಗೂದಿಲ್ಲ, ಬಿಡು" ಅಂದಿದ್ದೆ. ಮರುದಿನವೇ ನೀನು ನಮ್ಮೂರು ಬಿಟ್ಟು ಬಿಡಕಿನ್‌ಗೆ ಹೋದೆ. ನನ್ನ ಫೋನ್ ಮತ್ತೆ ಎತ್ತಲಿಲ್ಲ.

ಪ್ಲೇಟ್ ತಿರುವಿ ಹಾಕಿದೆ. ಮೊದಲ ಗೇರ್ ಠಕ್ಕಂತ ಬಿತ್ತು! ಅವ್ವನನ್ನು ಕೂರಿಸಿಕೊಂಡು ನಮ್ಮೂರು ಅಂಬಡ್ ಪೂರ್ತಿ ಸುತ್ತಿದೆ.

"ಇಷ್ಟೆಲ್ಲಾ ನಿನಗ ಯಾರು ಕಲಿಸಿದ್ರವ್ವಾ?" ಎಂದಳು ಅವ್ವ.

"ಅಮರಣ್ಣ" ಎಂದೆ. ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ರಸ್ತೆಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಇನ್ನೊಮ್ಮೆ ಕೂಗಿದೆ.

ಅಶ್ವಿನಿ